ಕಟ್ಟೆಯ ಕೆಲಸವೂ ಕೊಟ್ಟ ವಾಯಿದೆಯೂ

ಬಾನುಲಿಯಿದ್ದ ಮನೆಗಳಲ್ಲಿ ಒಂದು ಪದ್ಧತಿ ಇತ್ತು. ಕೆಲವು ಮನೆಗಳಲ್ಲಿ ಇಂದಿಗೂ ಇದ್ದೀತು. ವಾರ್ತೆಗೆ ಮುಂಚೆ ಹೊತ್ತು ತಿಳಿಸುವ ಸದ್ದು ಕೇಳಿದೊಡನೆ ಮನೆಯ ಹಿರಿಯರು ಗೋಡೆಯ ಗಡಿಯಾರದ ಕಡೆ ನೋಡುವರು. ಒಂದೆರಡು ನಿಮಿಷ ಹಿಂದೆ ಬಿದ್ದಿದ್ದರೆ ಎದ್ದು ಮುಳ್ಳನ್ನು ತಿದ್ದುವರು. ಗಡಿಯಾರ ತಪ್ಪಿದರೂ ಬಾನುಲಿ ತಪ್ಪದು ಎಂಬ ನಂಬಿಕೆ ಅದು. ಬಾನುಲಿಯಲ್ಲಿ ಮಾತನಾಡುವವನಿಗೆ ಹದಿನೈದು ನಿಮಿಷ ಎಂದರೆ ಹದಿನೈದೇ ನಿಮಿಷ. ಅವನು ಎಷ್ಟು ದೊಡ್ಡ ವಿದ್ವಾಂಸನಾದರೂ ಮುಂದಿನ ಹಾಡುಗಾರ್ತಿ ಅವನಿಗಾಗಿ ಕಾಯುವುದಿಲ್ಲ.

ನಮ್ಮ ನಿತ್ಯದ ಕೆಲಸಗಳಲ್ಲಿಯೂ ಇದೇ ಶಿಸ್ತು ಇದ್ದಿದ್ದರೆ ಎಂದು ನಿಮಗೂ ಎಷ್ಟೋ ಸಲ ಅನಿಸಿರಬೇಕು. ಬಟ್ಟೆ ಹೊಲಿಯುವವನು ಹಬ್ಬದ ಹಿಂದಿನ ದಿನ ಎನ್ನುತ್ತಾನೆ; ಹಬ್ಬ ಕಳೆದ ಮೂರನೆಯ ದಿನ ಅಂಗಿ ಕೈಗೆ ಬರುತ್ತದೆ. ಮನೆ ಕಟ್ಟಿಸುವವರು ಯುಗಾದಿಗೆ ಗೃಹಪ್ರವೇಶವೆಂದು ನೆಂಟರಿಗೆ ಹೇಳಿಡುತ್ತಾರೆ. ದೀಪಾವಳಿಯ ಹೊತ್ತಿಗೂ ಬಾಗಿಲಿಗೆ ಚಿಲಕ ಬಿದ್ದಿರುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಹಿಂದೆ ಮನೆಯ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದು ದೆವ್ವವನ್ನು ಹಿಂದಕ್ಕೆ ಕಳುಹಿಸುತ್ತಿದ್ದರು. ದೆವ್ವಕ್ಕೆ ಹೇಳುತ್ತಿದ್ದ ಮಾತನ್ನು ನಾವು ಈಗ ಮನುಷ್ಯರಿಗೇ ಹೇಳುತ್ತಿದ್ದೇವೆ.

ಬಳ್ಳಾರಿ ಸೀಮೆಯ ಆಡುಮಾತಿನಲ್ಲಿ ಇದಕ್ಕೆ ವಾಯಿದೆ ಎಂಬ ಶಬ್ದವಿದೆ. ಅರಬ್ಬಿಯಿಂದ ಬಂದು ನಮ್ಮದಾದ ಮಾತು. ಅದರ ಮೂಲದ ಅರ್ಥ ತಾರೀಖು ಎಂದಲ್ಲ, ಕೊಟ್ಟ ಮಾತು ಎಂದು. ಮೊದಲು ಮಾತು, ಆಮೇಲೆ ದಿನ. ವಾಯಿದೆ ತಪ್ಪಿದರೆ ಒಂದು ದಿನ ಕಳೆದುಹೋಯಿತೆಂದಷ್ಟೇ ಅಲ್ಲ, ಒಂದು ಮಾತು ಮುರಿಯಿತು ಎಂದು ಅರ್ಥ. ಈ ವಿಷಯವನ್ನು ನೀತಿಪಾಠವಾಗಿ ಹೇಳುವುದು ನನ್ನ ಉದ್ದೇಶವಲ್ಲ. ಮೂವತ್ತು ವರ್ಷ ಮಕ್ಕಳಿಗೆ ನೀತಿಪಾಠ ಹೇಳಿ ಅದರ ಫಲವೆಷ್ಟೆಂಬುದನ್ನು ನಾನು ಬಲ್ಲೆ. ಹೊಸಪೇಟೆಯ ಸುತ್ತಲಿನ ನೀರಿನ ಕಟ್ಟೆಗಳು ಈ ವಿಚಾರದಲ್ಲಿ ಏನು ಹೇಳುತ್ತವೆ ಎಂಬುದನ್ನು ನೋಡೋಣ. ಕಟ್ಟೆಯ ಕೆಲಸಕ್ಕೆ ವಾಯಿದೆ ಹಾಕುವವನು ಅರಸನಲ್ಲ, ಇಂಜಿನಿಯರನೂ ಅಲ್ಲ, ಮಳೆ.

ಹೊಸಪೇಟೆಯಿಂದ ಸಂಡೂರಿನ ಬೆಟ್ಟಗಳ ದಿಕ್ಕಿಗೆ ಹೊರಟರೆ, ಎರಡು ಗುಡ್ಡಗಳ ಸಂದಿಯಲ್ಲಿ ಒಂದು ಭಾರಿ ಏರಿ ಅಡ್ಡವಾಗಿ ನಿಂತಿರುವುದನ್ನು ನೀವು ಕಾಣುವಿರಿ. ಜನ ಇದನ್ನು ರಾಯರ ಕೆರೆ ಎನ್ನುತ್ತಾರೆ. ಕೆರೆ ಈಗ ಹಿಂದಿನಂತೆ ತುಂಬುವುದಿಲ್ಲ; ಏರಿ ಮಾತ್ರ ಐನೂರು ವರ್ಷದ ಹಳೆಯ ದೊರೆತನವನ್ನು ಇನ್ನೂ ಬಿಟ್ಟಿಲ್ಲ. ಕೃಷ್ಣದೇವರಾಯನು ತಾನು ಹೊಸದಾಗಿ ಕಟ್ಟಿಸಿದ ನಾಗಲಾಪುರಕ್ಕೆ, ಅಂದರೆ ಇಂದಿನ ಹೊಸಪೇಟೆಗೆ, ನೀರೊದಗಿಸಲು ಕಟ್ಟಿಸಿದ ಕೆರೆ ಇದೇ ಎಂದು ವಿಜಯನಗರದ ಚರಿತ್ರೆಯನ್ನು 1900ರಲ್ಲಿ ಪ್ರಕಟಿಸಿದ ರಾಬರ್ಟ್ ಸಿವೆಲ್ ಗುರುತಿಸಿದನು.

ಈ ಕೆರೆಯ ಕೆಲಸ ನಡೆಯುತ್ತಿದ್ದಾಗ ಕಣ್ಣಾರೆ ಕಂಡು ಬರೆದಿಟ್ಟವನು ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪೇಸ್. ಅವನು ಇಲ್ಲಿಗೆ ಬಂದದ್ದು ಸುಮಾರು 1520ರ ವೇಳೆಗೆ. ಕೆರೆಯೊಳಗೆ ಹದಿನೈದು ಇಪ್ಪತ್ತು ಸಾವಿರ ಜನ ಕೆಲಸ ಮಾಡುತ್ತಿದ್ದರು, ನೆಲವೇ ಕಾಣದಂತೆ ಇರುವೆಗಳ ಹಾಗೆ ಮುತ್ತಿದ್ದರು ಎಂದು ಅವನ ವರ್ಣನೆ. ಕೆರೆಗಾಗಿ ಅರಸನು ಒಂದು ಗುಡ್ಡವನ್ನೇ ಒಡೆಸಿದನಂತೆ. ಈ ಸಂಖ್ಯೆಗೆ ಬೆರಗಾಗುವುದು ಸುಲಭ. ಆದರೆ ಪೇಸ್ ಅದರ ಜೊತೆಗೇ ಹೇಳುವ ಇನ್ನೊಂದು ಸಂಗತಿಯ ಮೇಲೆ ನಿಮ್ಮ ಗಮನವಿರಲಿ. ಅರಸನು ಕೆರೆಯ ಕೆಲಸವನ್ನು ತನ್ನ ನಾಯಕರಿಗೆ ಪಾಲು ಮಾಡಿ ಹಂಚಿದ್ದನು. ಇಷ್ಟು ಭಾಗ ಇಂಥ ನಾಯಕನದು. ತನ್ನ ಕೈಕೆಳಗಿನ ಜನರಿಂದ ಕೆಲಸ ಮಾಡಿಸಿ ಅದನ್ನು ಮುಗಿಸುವ ಹೊಣೆ ಅವನದು.

ಇದರ ಬೆಲೆ ತಿಳಿಯಬೇಕಾದರೆ ಹತ್ತು ಜನ ಸೇರಿ ಒಂದು ಮದುವೆಯ ಕೆಲಸ ಮಾಡುವುದನ್ನು ನೆನೆಯಿರಿ. ಎಲ್ಲರೂ ಓಡಾಡುತ್ತಾರೆ, ಎಲ್ಲರೂ ಬೆವರುತ್ತಾರೆ. ಊಟದ ಹೊತ್ತಿಗೆ ಬಾಳೆಯೆಲೆ ತಂದವರು ಯಾರೂ ಇರುವುದಿಲ್ಲ. ಇಪ್ಪತ್ತು ಸಾವಿರ ಜನರ ಕೆಲಸವೆಂದರೆ ಯಾರ ಕೆಲಸವೂ ಅಲ್ಲ. ಇಂಥವನ ಪಾಲು ಇಷ್ಟು ಗಜವೆಂದಾಗ ಮಾತ್ರ ತಡವಾದರೆ ಯಾರನ್ನು ಕೇಳಬೇಕೆಂಬುದು ಗೊತ್ತಾಗುತ್ತದೆ.

ಆದರೂ ಕೆಲಸ ತಡವಾಯಿತು. ಕಟ್ಟೆ ಎರಡು ಮೂರು ಸಲ ಒಡೆಯಿತೆಂದು ಪೇಸ್ ಬರೆದಿದ್ದಾನೆ. ಅವನ ನಂತರ, 1535ರ ಸುಮಾರಿಗೆ ವಿಜಯನಗರದ ಚರಿತ್ರೆ ಬರೆದ ಇನ್ನೊಬ್ಬ ಪೋರ್ತುಗೀಸ್, ಫೆರ್ನಾವ್ ನೂನಿಜ್, ಕಟ್ಟೆಯ ಕಥೆಯನ್ನು ಇನ್ನಷ್ಟು ವಿವರವಾಗಿ ಹೇಳುತ್ತಾನೆ. ಅರಸನ ಕೋರಿಕೆಯ ಮೇರೆಗೆ ಗೋವೆಯಿಂದ ಜೋವಾ ದೆಲ್ಲಾ ಪೊಂಟೆ ಎಂಬ ಕಲ್ಲುಕೆಲಸದ ನಿಪುಣನನ್ನು ಕಳುಹಿಸಲಾಯಿತು. ಅರಸನು ತನ್ನ ಮನಸ್ಸಿನಲ್ಲಿದ್ದ ಕಟ್ಟೆಯನ್ನು ವಿವರಿಸಿದಾಗ ಅದು ಆಗದ ಕೆಲಸವೆಂದು ಆ ಮೇಸ್ತ್ರಿಗೆ ತೋರಿತು. ಆದರೂ ಮಾಡಿಕೊಡುತ್ತೇನೆಂದು ಒಪ್ಪಿಕೊಂಡು, ಮೊದಲು ಬೇಕಾದಷ್ಟು ಸುಣ್ಣವನ್ನು ಸಿದ್ಧಪಡಿಸಿರಿ ಎಂದು ಕೇಳಿದನು. ಅರಸನು ನಕ್ಕುಬಿಟ್ಟನಂತೆ. ಈ ದೇಶದಲ್ಲಿ ಕಟ್ಟಡಕ್ಕೆ ಸುಣ್ಣ ಬಳಸುವುದನ್ನು ಅರಿಯರು ಎಂದು ನೂನಿಜ್ ಕಾರಣ ಕೊಡುತ್ತಾನೆ. ಈ ಮಾತನ್ನು ನಾವು ಪೂರ್ತಿ ನಂಬಬೇಕಾಗಿಲ್ಲ. ಹಂಪೆಯ ಗೋಪುರಗಳ ಇಟ್ಟಿಗೆಯನ್ನೂ ಗಾರೆಯನ್ನೂ ನೋಡಿದವರಿಗೆ ಸುಣ್ಣದ ವಿದ್ಯೆ ನಮ್ಮವರಿಗೆ ಚೆನ್ನಾಗಿ ತಿಳಿದಿತ್ತೆಂಬುದು ಗೊತ್ತು. ಆದರೆ ಕೆರೆಯ ಏರಿಗೆ ಕಲ್ಲು ಮಣ್ಣು ಸಾಕು, ಸುಣ್ಣವೇಕೆ ಎಂಬ ಭಾವನೆ ಇದ್ದಿರಬಹುದು.

ಮುಂದೆ ಆದದ್ದು ಆತುರದ ಕೆಲಸ. ಕಣಿವೆಯೊಳಕ್ಕೆ ದೊಡ್ಡ ದೊಡ್ಡ ಬಂಡೆಗಳನ್ನು ಉರುಳಿಸಿದರು. ಹಗಲು ಮಾಡಿದ ಕೆಲಸವೆಲ್ಲ ರಾತ್ರಿ ಕುಸಿದುಹೋಗುತ್ತಿತ್ತು ಎಂದು ನೂನಿಜ್ ಬರೆಯುತ್ತಾನೆ. ಕೇಳಿದ ಸಾಮಗ್ರಿಯನ್ನು ಹಗುರವಾಗಿ ಕಂಡು, ಕೇಳದ ಸಾಮಗ್ರಿಯನ್ನು ರಾಶಿ ಸುರಿದರೆ ಹಾಗಾಗುವುದು ಸಹಜ. ಇಂದಿನ ಎಷ್ಟೋ ಕಟ್ಟಡಗಳ ಚರಿತ್ರೆಯೂ ಇದೇ: ಮೊದಲ ತಿಂಗಳು ಬೇಕಾದದ್ದು ಒದಗಲಿಲ್ಲ, ಕೊನೆಯ ತಿಂಗಳು ಜನರನ್ನು ಇಮ್ಮಡಿ ಮಾಡಿ ದುಡಿಸಿದರೂ ಪ್ರಯೋಜನವಾಗಲಿಲ್ಲ.

ಇನ್ನು ಹೇಳಬೇಕಾದದ್ದನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ. ಆದರೂ ಚರಿತ್ರೆಯನ್ನು ಬರೆಯುವವನು ಮರೆಮಾಚಬಾರದು. ಕಟ್ಟೆ ನಿಲ್ಲದಿದ್ದಾಗ ಅರಸನು ಶಾಸ್ತ್ರ ಕೇಳಿಸಿದನು. ದೇವರಿಗೆ ಕೋಪವಿದೆ, ಬಲಿ ಬೇಕು ಎಂಬ ಉತ್ತರ ಬಂತು. ಅರವತ್ತು ಜನರ ತಲೆಯನ್ನೂ, ಕೆಲವು ಕುದುರೆ ಕೋಣಗಳ ತಲೆಯನ್ನೂ ಗುಡಿಯ ಬಾಗಿಲಲ್ಲಿ ಕಡಿಸಲಾಯಿತೆಂದು ಪೇಸ್ ಹೇಳುತ್ತಾನೆ. ಬಲಿಯಾದವರು ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳೆಂದು ನೂನಿಜ್ ಹೇಳುತ್ತಾನೆ. ಇಬ್ಬರ ಮಾತಿನಲ್ಲಿ ವ್ಯತ್ಯಾಸವಿದ್ದರೂ ಬಲಿಯಾಯಿತೆಂಬ ವಿಷಯದಲ್ಲಿ ಇಬ್ಬರೂ ಒಂದೇ ದನಿ. ಆ ಸೆರೆಯಾಳುಗಳು ಯಾವ ಅಪರಾಧ ಮಾಡಿದ್ದರೋ ಏನೋ, ಕಟ್ಟೆ ಒಡೆದ ಅಪರಾಧವನ್ನಂತೂ ಮಾಡಿರಲಿಲ್ಲ. ಅಳತೆ ತಪ್ಪಿದ್ದು ಒಬ್ಬರಿಂದ, ಸಾಮಗ್ರಿ ಒದಗಿಸದೆ ಹೋದದ್ದು ಇನ್ನೊಬ್ಬರಿಂದ. ತಲೆ ಹೋದದ್ದು ಎದುರು ಮಾತನಾಡಲಾರದವರದು. ಕೆಲಸ ತಡವಾದಾಗ ಕಾರಣವನ್ನು ಹುಡುಕದೆ ಆಳನ್ನು ಹುಡುಕುವ ಅಭ್ಯಾಸ ಇಷ್ಟು ಹಳೆಯದು. ಇಂದು ತಲೆ ಕಡಿಯುವುದಿಲ್ಲ, ನಿಜ. ಆದರೆ ಕಚೇರಿಯಲ್ಲಿ ಕಡತ ತಡವಾದರೆ ಮೊದಲು ಬೈಸಿಕೊಳ್ಳುವವನು ಜವಾನನೇ ಅಲ್ಲವೆ?

ಕೊನೆಗೆ ಕಟ್ಟೆ ನಿಂತಿತು, ತೂಬುಗಳನ್ನು ಇಟ್ಟರು, ಕಾಲುವೆಗಳಿಂದ ಗದ್ದೆ ತೋಟಗಳಿಗೆ ನೀರು ಹರಿಯಿತು. ಆಗ ಅರಸನು ಮಾಡಿದ ಒಂದು ಏರ್ಪಾಡು ಮೆಚ್ಚತಕ್ಕದ್ದು. ಆ ನೀರಿನ ಕೆಳಗಿನ ಭೂಮಿಯನ್ನು ಸಾಗುವಳಿಗೆ ತರಲು ಮುಂದೆ ಬಂದವರಿಗೆ ಒಂಬತ್ತು ವರ್ಷಗಳ ಕಾಲ ಕಂದಾಯವಿಲ್ಲದೆ ಬಿಟ್ಟನು. ನೂನಿಜ್ ಬರೆಯುವ ಹೊತ್ತಿಗೆ ಅಲ್ಲಿಂದ ಇಪ್ಪತ್ತು ಸಾವಿರ ವರಹಗಳ ಆದಾಯ ಬರುತ್ತಿತ್ತು. ಗುಡ್ಡದ ಬುಡದ ನೆಲವನ್ನು ಹಸನು ಮಾಡಿ, ಮಡಿ ಕಟ್ಟಿ, ತೋಟ ಎಬ್ಬಿಸಿ ಫಲ ಕಾಣುವುದಕ್ಕೆ ಎಷ್ಟು ಕಾಲ ಬೇಕೆಂಬುದನ್ನು ತಿಳಿದವರು ಹಾಕಿದ ವಾಯಿದೆ ಇದು. ಮುಂದಿನ ಸುಗ್ಗಿಗೇ ಕಂದಾಯ ಕಟ್ಟು ಎಂದಿದ್ದರೆ ರೈತ ನೇಗಿಲು ಬಿಟ್ಟು ಓಡುತ್ತಿದ್ದ. ಸಲ್ಲುವ ವಾಯಿದೆ ಕೊಟ್ಟರೆ ಸಲ್ಲಿಸುತ್ತಾರೆ. ಸಲ್ಲದ ವಾಯಿದೆಯನ್ನು ಒಪ್ಪಿಕೊಂಡವನು ಆ ದಿನವೇ ಸುಳ್ಳುಗಾರನಾಗುತ್ತಾನೆ.

ವಿಜಯನಗರದವರ ಕಟ್ಟೆಗಳೆಲ್ಲ ಹೀಗೆ ಒಡೆದು ಒಡೆದು ನಿಂತವೆಂದು ತಿಳಿಯಬೇಡಿ. ಕಡಪೆಯ ಪೋರುಮಾಮಿಳ್ಳ ಎಂಬಲ್ಲಿ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಕಟ್ಟಿಸಿದ ಕೆರೆಯ ದಡದಲ್ಲಿ 1369ರ ಶಾಸನವೊಂದಿದೆ. ದಿನಕ್ಕೆ ಸಾವಿರ ಆಳು, ಕಲ್ಲು ಸಾಗಿಸಲು ನೂರು ಬಂಡಿ, ಎರಡು ವರ್ಷಕ್ಕೆ ಕೆರೆ ಪೂರ್ಣ ಎಂದು ಅದು ಸ್ಪಷ್ಟವಾಗಿ ಲೆಕ್ಕ ಕೊಡುತ್ತದೆ. ಆಳೆಷ್ಟು, ಬಂಡಿಯೆಷ್ಟು, ಕಾಲವೆಷ್ಟು ಎಂಬ ಮೂರನ್ನೂ ಒಂದೇ ಕಲ್ಲಿನ ಮೇಲೆ ಬರೆಸಿದವರಿಗೆ ಲೆಕ್ಕ ಇಡುವ ಧೈರ್ಯವಿತ್ತು. ಅದೇ ಶಾಸನ ಒಳ್ಳೆಯ ಕೆರೆಗೆ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಹೇಳುತ್ತದೆ. ಜಲಶಾಸ್ತ್ರ ಬಲ್ಲವನೂ, ನುರಿತ ಕೆಲಸಗಾರರ ತಂಡವೂ, ಕಲ್ಲು ಸಿಗುವ ಗಣಿಯೂ ಸಾಧನಗಳಲ್ಲಿ ಸೇರಿವೆ. ಕಟ್ಟೆಯಲ್ಲಿ ನೀರು ಒಸರುವುದು, ನೆಲ ಸೌಳಾಗಿರುವುದು, ಇವೆಲ್ಲ ದೋಷಗಳು. ಒಂದು ದೋಷವನ್ನು ಮಾತ್ರ ನೆನಪಿನಲ್ಲಿಡಿ: ಕೆರೆ ಎರಡು ರಾಜ್ಯಗಳ ಗಡಿಯಲ್ಲಿರಬಾರದು.

ಈ ಮಾತು ಎಷ್ಟು ನಿಜವೆಂಬುದು ನಮ್ಮ ತುಂಗಭದ್ರೆಯಲ್ಲಿ ಐನೂರು ವರ್ಷಗಳ ಮೇಲೆ ಕಂಡುಬಂತು. ನದಿಗೆ ದೊಡ್ಡ ಅಣೆಕಟ್ಟು ಹಾಕಬೇಕೆಂಬ ಯೋಚನೆಯನ್ನು ಸರ್ ಆರ್ಥರ್ ಕಾಟನ್ 1860ರಲ್ಲಿಯೇ ಮುಂದಿಟ್ಟನು. ಆದರೆ ಹೊಳೆಯ ಈ ದಡ ಮದರಾಸು ಸರ್ಕಾರದ್ದು, ಆ ದಡ ಹೈದರಾಬಾದಿನ ನಿಜಾಮರದು. ನೀರು ಯಾರಿಗೆ ಎಷ್ಟು, ಖರ್ಚು ಯಾರದು ಎಂಬ ಪತ್ರವ್ಯವಹಾರದಲ್ಲಿ ಒಂದು ತಲೆಮಾರು ಕಳೆದು ಇನ್ನೊಂದು ಬಂತು. ನಡುವೆ 1876ರಿಂದ 1878ರ ವರೆಗಿನ ಭೀಕರ ಕ್ಷಾಮ ಬಳ್ಳಾರಿ ಸೀಮೆಯನ್ನು ಬರಿದುಮಾಡಿತು. ಅಣೆಕಟ್ಟೊಂದಿದ್ದಿದ್ದರೆ ಎಲ್ಲರೂ ಉಳಿಯುತ್ತಿದ್ದರೆಂದು ಯಾರೂ ಹೇಳಲಾರರು. ಆದರೆ ಹೊಳೆ ಪಕ್ಕದಲ್ಲಿ ಹರಿಯುತ್ತಿರುವಾಗಲೇ ಹೊಲ ಬಿರಿದ ನಾಡಿನಲ್ಲಿ, ಕಾಗದದ ಮೇಲೆ ಕಳೆದ ಒಂದೊಂದು ವರ್ಷಕ್ಕೂ ಬೆಲೆ ಕೊಟ್ಟವರು ಇದ್ದರು. ಅವರು ಆ ಪತ್ರಗಳನ್ನು ಬರೆದವರಲ್ಲ.

ಮದರಾಸು ಹೈದರಾಬಾದುಗಳಿಗೆ ಒಪ್ಪಂದವಾದದ್ದು 1944ರಲ್ಲಿ. ಮರುವರ್ಷ ಫೆಬ್ರವರಿ 28ರಂದು ಕೆಲಸಕ್ಕೆ ಶಂಕುಸ್ಥಾಪನೆ. ಒಂದು ದಡದಲ್ಲಿ ಹೈದರಾಬಾದಿನ ಬೇರಾರ್ ರಾಜಕುಮಾರರು, ಇನ್ನೊಂದು ದಡದಲ್ಲಿ ಮದರಾಸಿನ ಗವರ್ನರ್ ಸರ್ ಆರ್ಥರ್ ಹೋಪ್. ಅಲ್ಲಿಂದ ಮುಂದಿನ ಎಂಟು ವರ್ಷಗಳಲ್ಲಿ ದೇಶದಲ್ಲಿ ಏನೇನು ನಡೆಯಿತೆಂಬುದನ್ನು ನೀವೇ ಎಣಿಸಿಕೊಳ್ಳಿ. 1947ರಲ್ಲಿ ಸ್ವಾತಂತ್ರ್ಯ ಬಂತು. 1948ರಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. ಕೆಲಸ ಆರಂಭಿಸಿದ ಎರಡು ಸರ್ಕಾರಗಳೂ ಮೊದಲಿನ ರೂಪದಲ್ಲಿ ಉಳಿಯಲಿಲ್ಲ. ಕೆಲಸ ಮಾತ್ರ ನಿಲ್ಲಲಿಲ್ಲ. ಈ ಕಡೆ ಮದರಾಸಿನ ಇಂಜಿನಿಯರ್ ತಿರುಮಲೆ ಅಯ್ಯಂಗಾರ್ಯರ ಮುಂದಾಳುತನ. ಆ ಕಡೆ ಹೈದರಾಬಾದಿನ ಇಂಜಿನಿಯರುಗಳು. ಎರಡು ದಡದಿಂದ ಎದ್ದ ಕಟ್ಟಡ ಹೊಳೆಯಲ್ಲಿ ಒಂದಾಯಿತು. ಅರಸ ನಕ್ಕಿದ್ದನೆನ್ನಲಾದ ಸುಣ್ಣವೇ, ಸುರ್ಕಿಯೊಡನೆ ಗಾರೆಯಾಗಿ, ಈ ಕಲ್ಲುಗಳನ್ನು ಹಿಡಿದು ನಿಲ್ಲಿಸಿತು. 1953ರ ಜುಲೈಯಲ್ಲಿ ಕಾಲುವೆಗೆ ನೀರು ಬಿಟ್ಟರು. ಅದೇ ವರ್ಷ ಅಕ್ಟೋಬರ್ 1ರಂದು ಹೊಸಪೇಟೆ ಮೈಸೂರು ರಾಜ್ಯಕ್ಕೆ ಸೇರಿತು.

ಮಾತಿಗೆ ಎಂಬತ್ತನಾಲ್ಕು ವರ್ಷ, ಕೆಲಸಕ್ಕೆ ಎಂಟು ವರ್ಷ. ತಡವಾಗುವುದು ಸಾಮಾನ್ಯವಾಗಿ ಗುದ್ದಲಿ ಹಿಡಿದವನ ಕೈಯಲ್ಲಿ ಅಲ್ಲ. ಗುದ್ದಲಿ ಹಿಡಿಯುವುದಕ್ಕೆ ಮುಂಚೆ.

ಈ ಎಂಟು ವರ್ಷಗಳಲ್ಲಿ ಇನ್ನೊಂದು ವಾಯಿದೆಯೂ ನಡೆಯುತ್ತಿತ್ತು. ಹಿನ್ನೀರು ಏರುವುದರೊಳಗೆ ಮನೆ ಬಿಡಬೇಕಾಗಿದ್ದ ಸುಮಾರು 90 ಹಳ್ಳಿಗಳ ಜನರ ವಾಯಿದೆ ಅದು. ನಾರಾಯಣದೇವರಕೆರೆಯ ಜನ ಗುಡಿ, ಗರಡಿ, ಅಜ್ಜ ನೆಟ್ಟ ಮರ ಎಲ್ಲವನ್ನೂ ಬಿಟ್ಟು ಮರಿಯಮ್ಮನಹಳ್ಳಿಯಲ್ಲಿ ಹೊಸ ಊರು ಕಟ್ಟಿಕೊಂಡರು. ಕೃಷ್ಣದೇವರಾಯನು 1521ರಲ್ಲಿ ಕಟ್ಟಿಸಿದ ಅಣೆಯೂ ನೀರಿನಲ್ಲಿ ಮುಳುಗಿತು. ಅದರಿಂದ ಹೊರಟಿದ್ದ ಬಸವಣ್ಣ ಕಾಲುವೆಗೆ ಈಗ ಜಲಾಶಯದಿಂದಲೇ ನೀರು. ಅಣೆಕಟ್ಟು ಹೇಳಿದ ಕಾಲಕ್ಕೆ ಮುಗಿಯಿತೆಂದು ಹೊಗಳುವಾಗ, ಹೇಳಿದ ಕಾಲಕ್ಕೆ ಮನೆ ಖಾಲಿ ಮಾಡಿಕೊಟ್ಟವರನ್ನೂ ನೆನೆಯಬೇಕು. ಅವರು ವಾಯಿದೆ ತಪ್ಪಲಿಲ್ಲ. ನೀರು ತಪ್ಪಿಸಲು ಬಿಡಲಿಲ್ಲ.

ಈಗ ನೀವೆಲ್ಲರೂ ಬಲ್ಲ ಒಂದು ಸಂಗತಿಗೆ ಬರುತ್ತೇನೆ. 2024ರ ಆಗಸ್ಟ್ 10ರ ರಾತ್ರಿ. ಜಲಾಶಯ ತುಂಬಿ ಕಟ್ಟೆಗೆ ನೀರು ತಾಗಿತ್ತು. 33 ಗೇಟುಗಳಲ್ಲಿ 19ನೆಯದರ ಸರಪಳಿ ಹರಿದು ಗೇಟೇ ಕೊಚ್ಚಿಹೋಯಿತು. ಕಟ್ಟೆಯ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಆಗ ತಾನೇ ನಾಟಿ ಮುಗಿಸಿದ್ದ ರೈತರು, ಕಂಪ್ಲಿಯ ಕಡೆಯವರು, ಗಂಗಾವತಿಯ ಕಡೆಯವರು, ತಮ್ಮ ಭತ್ತದ ನೀರು ಕಣ್ಣೆದುರೇ ಹೊಳೆಗೆ ಹೋಗುವುದನ್ನು ನೋಡಿದರು. ನನ್ನ ತರಗತಿಯ ಹುಡುಗನೊಬ್ಬ ಮರುದಿನಗಳಲ್ಲಿ ಪಾಠದ ನಡುವೆ ಎದ್ದು ಕೇಳಿದ ಪ್ರಶ್ನೆ ಒಂದೇ: "ಸಾರ್, ಹಿಂಗಾರಿಗೆ ನೀರು ಉಳಿತೈತಾ?" ವ್ಯಾಕರಣದ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಜಲಾಶಯ ಬರಿದಾಗುವವರೆಗೆ ಕಾದರೆ ಕೆಲಸ ಸುಲಭ, ಬೆಳೆ ಹಾಳು. ಹರಿಯುವ ನೀರಿನಲ್ಲಿಯೇ ತಡೆಹಲಗೆ ಇಳಿಸಿದರೆ ಬೆಳೆ ಉಳಿದೀತು, ಕೆಲಸ ಅಪಾಯದ್ದು. ಅಂಥ ಹಲಗೆಗಳು ಮೊದಲೇ ಸಿದ್ಧವಿರಲಿಲ್ಲ. ಅಳತೆ ತೆಗೆದು ಉಕ್ಕಿನಲ್ಲಿ ಹೊಸದಾಗಿ ಮಾಡಿಸಬೇಕಾಗಿತ್ತು. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಎರಡನೆಯ ದಾರಿಯನ್ನು ಹಿಡಿದರು. ಹಲಗೆಯನ್ನು ಐದು ತುಂಡುಗಳಾಗಿ ವಿಂಗಡಿಸಿ ಸುತ್ತಲಿನ ಕಾರ್ಖಾನೆಗಳಿಗೆ ಹಂಚಿದರು. ಕೃಷ್ಣರಾಯನು ನಾಯಕರಿಗೆ ಪಾಲು ಹಾಕಿದ್ದು ನಿಮಗೆ ನೆನಪಾಗುವುದಲ್ಲವೆ? ಹಗಲಿರುಳು ಬೆಸುಗೆಯ ಕೆಲಸ ನಡೆಯಿತು. ಆಗಸ್ಟ್ 16ರ ಸಂಜೆ ಮೊದಲ ತುಂಡು ನೀರಿಗಿಳಿದು ತನ್ನ ಸ್ಥಾನದಲ್ಲಿ ಕುಳಿತಿತು. ಮರುದಿನ ಉಳಿದವೂ ಕುಳಿತವು. ಹರಿಯುವ ಪ್ರವಾಹದ ಮೇಲೆ ಕ್ರೇನಿನಿಂದ ತೂಗಿದ ಉಕ್ಕನ್ನು ಗಾಡಿಗೆ ಹೊಂದಿಸಿದ ಕಾರ್ಮಿಕರು ಜೀವವನ್ನೇ ಪಣವಾಗಿಟ್ಟು ಕೆಲಸ ಮಾಡಿದರು. ಒಂದು ವಾರ! ಅದೇ ಮಳೆಗಾಲದಲ್ಲಿ ಜಲಾಶಯ ಮತ್ತೆ ತುಂಬಿತು. ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿತು.

ಈ ವಾರವನ್ನು ಹೊಗಳಿ ಸುಮ್ಮನಾಗುವುದು ಸುಲಭ; ಆದರೆ ಅದು ಅರ್ಧ ಪಾಠವಷ್ಟೆ. ಒಂದು ವಾರದಲ್ಲಿ ಮಾಡಿ ಮುಗಿಸಬಲ್ಲ ಕೆಲಸ ಎಪ್ಪತ್ತು ವರ್ಷದಲ್ಲಿ ಆಗಿರಲಿಲ್ಲ ಎಂಬುದು ಇನ್ನರ್ಧ. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ಈ ಸಲ ಪೂರ್ತಿ ಸಲ್ಲಲಿಲ್ಲ. ಸೂರೆಹೋಗುತ್ತಿರುವಾಗಲೇ ಬಾಗಿಲು ಹಾಕಿದರು. ಎಲ್ಲ ಸಲವೂ ಹಾಗಾಗುವುದೆಂಬ ಭರವಸೆಯಿಲ್ಲ. ಜಲಾಶಯದ ಹೂಳನ್ನೇ ನೋಡಿ. ಮೊದಲು ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದುದು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಗೇಟು ಒಂದು ರಾತ್ರಿಯಲ್ಲಿ ಹೋಗುತ್ತದೆ, ಊರೆಲ್ಲ ಎದ್ದು ಓಡುತ್ತದೆ. ಹೂಳು ದಿನಕ್ಕೊಂದು ಹಿಡಿ ಬರುತ್ತದೆ, ಯಾರೂ ಏಳುವುದಿಲ್ಲ. ಅದಕ್ಕೂ ಒಂದು ವಾಯಿದೆ ಇದೆ. ಅದರ ತಾರೀಖು ಬರೆದಿಲ್ಲ, ಅಷ್ಟೆ.

ಮುಗಿಸುವ ಮುನ್ನ ನನ್ನ ತಪ್ಪೊಂದನ್ನು ಒಪ್ಪಿಕೊಂಡುಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಶಾಲೆಯ ವಾರ್ಷಿಕ ಸಂಚಿಕೆ ವಾರ್ಷಿಕೋತ್ಸವ ಮುಗಿದ ಮೇಲೆ ಅಚ್ಚಾಗಿ ಬಂತು. ಮಕ್ಕಳು ತಮ್ಮ ಪದ್ಯಗಳನ್ನು ತಂದೆತಾಯಿಗೆ ವೇದಿಕೆಯ ಮುಂದೆ ತೋರಿಸಲಾಗಲಿಲ್ಲ. ಮುದ್ರಣಾಲಯದವರನ್ನು ನಾನು ಎಲ್ಲರೆದುರು ದೂರಿದೆ. ಅವರು ಎದುರಾಡಲಿಲ್ಲ. ಮನೆಗೆ ಬಂದು ಮೇಜಿನ ಖಾನೆ ತೆರೆದಾಗ ಕಂಡದ್ದೇನು? ಅವರು ತಿದ್ದಲು ಕಳುಹಿಸಿದ್ದ ಕರಡನ್ನು ನಾನು ಹತ್ತು ದಿನ ತಡವಾಗಿ ಹಿಂತಿರುಗಿಸಿದ್ದೆ. ಕಾಗುಣಿತ ತಿದ್ದುವ ಪಂಡಿತನಿಗೆ ಕ್ಯಾಲೆಂಡರ್ ತಿದ್ದಿಕೊಳ್ಳಲು ತಿಳಿದಿರಲಿಲ್ಲ. ಮರುದಿನ ಹೋಗಿ ಕ್ಷಮೆ ಕೇಳಿದೆ. ಕಟ್ಟೆ ಒಡೆದದ್ದಕ್ಕೆ ಸೆರೆಯಾಳಿನ ತಲೆ ಕಡಿಸಿದವರನ್ನು ಪಾಠದಲ್ಲಿ ಟೀಕಿಸುವಾಗಲೆಲ್ಲ ಆ ಕರಡು ನನ್ನ ಕಣ್ಣಮುಂದೆ ಬರುತ್ತದೆ.

ನೀವು ಹಂಪೆ ನೋಡಲು ಬಂದಾಗ ಕಲ್ಲಿನ ರಥವನ್ನೂ ವಿರೂಪಾಕ್ಷನನ್ನೂ ನೋಡದೆ ಹೋಗುವವರಲ್ಲ. ಒಂದು ಗಳಿಗೆ ಉಳಿದರೆ ರಾಯರ ಕೆರೆಯ ಏರಿಯ ಮೇಲೂ ನಿಂತು ಹೋಗಿರಿ. ಅಲ್ಲಿ ಕೆತ್ತನೆಯಿಲ್ಲ, ಟಿಕೆಟಿಲ್ಲ, ತೋರಿಸುವವರೂ ಇಲ್ಲ. ಮನೆಗೆ ಮರಳಿ ಯಾರಿಗಾದರೂ "ನಾಳೆ ಮಾಡಿಕೊಡುತ್ತೇನೆ" ಎನ್ನುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ: ನನ್ನ ಪಾಲು ಎಷ್ಟು? ಸುಣ್ಣ ಸಿದ್ಧವಿದೆಯೆ? ತಡವಾದರೆ ಬೆಲೆ ತೆರುವವರು ಯಾರು? ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ದಿನ ಹೇಳಿ. ಹೇಳಿದ ಮೇಲೆ, ದಯವಿಟ್ಟು, ಆ ದಿನಕ್ಕೆ ಕೊಡಿ.